ಗಡ್ಡೆಯೊಳಗಿನ ಹುಣಸೆಮರ

ಹೊಸೂರಿನ ಹೊರವಲಯದ ಐಸ್ ಫ್ಯಾಕ್ಟರಿಯಲ್ಲಿ ಜಯಂತಿಗೆ ಕೆಲಸ. ತಗಡಿನ ಡಬ್ಬಗಳಿಂದ ಜಾರಿ ಬರುವ ಮಂಜುಗಡ್ಡೆಗಳಿಗೆ ಗೋಣಿತಾಟು ಸುತ್ತಿ ಮೀನಿನ ಗಾಡಿಗಳಿಗೆ ಕಳಿಸಬೇಕು. ಗಡ್ಡೆಯ ನಡುವೆ ಗಾಳಿ ಸಿಕ್ಕಿಕೊಂಡು ಬಿಳಿ ಗೆರೆಗಳು ಮೂಡಿರುತ್ತವೆ; ಒಂದರಲ್ಲಿ ಗರಿಯಂತೆ, ಇನ್ನೊಂದರಲ್ಲಿ ಒಣಗಿ ಬಿರಿದ ಕೆರೆಯಂಗಳದಂತೆ. ಗಡ್ಡೆಯನ್ನು ಬಿಸಿಲಿಗೆ ನಿಲ್ಲಿಸಿ, ತೀರಾ ಹತ್ತಿರದಿಂದ, ಅದು ಏನೆಂದೇ ತಿಳಿಯದ ಹಾಗೆ ಫೋನಿನಲ್ಲಿ ಫೋಟೊ ತೆಗೆಯುವುದು ಅವಳ ಹುಚ್ಚು.

ಹೋದ ಬೇಸಿಗೆಯಲ್ಲಿ ಫ್ಯಾಕ್ಟರಿಯ ಬೋರ್‌ವೆಲ್ ಬತ್ತಿತು. ಗುಮ್ಮಳಾಪುರದ ಕಡೆಯ ಹಳೇ ಬಾವಿಯೊಂದರಿಂದ ಡ್ರೈವರ್ ಮಾದೇಶ್ ಟ್ಯಾಂಕರಿನಲ್ಲಿ ನೀರು ತರತೊಡಗಿದ. ಅಲ್ಲಿಂದಾಚೆಗೆ ಗರಿ, ಬಿರುಕು ಎಲ್ಲ ಮಾಯ. ಪ್ರತಿ ಗಡ್ಡೆಯಲ್ಲೂ ಒಂದೇ ಮರ: ಬಾಗಿದ ಬುಡ, ಎಡಕ್ಕೆ ಮುರಿದ ಕೊಂಬೆ.

ಜಯಂತಿ ಫೋಟೊಗಳನ್ನು ಅತ್ತೆ ರಾಮಕ್ಕನಿಗೆ ತೋರಿಸಿದಳು. ರಾಮಕ್ಕನ ತವರು ಗುಮ್ಮಳಾಪುರ. ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತುಹೋಯಿತು.

"ಇದು ನಮ್ಮೂರ ಬಾವಿ ಮೇಲಿದ್ದ ಹುಣಸೇಮರ ಕಣಮ್ಮ. ನಾನು ಚಿಕ್ಕೋಳಿದ್ದಾಗ್ಲೇ ಕಡಿದಾಕಿದ್ರು."

"ಯಾಕತ್ತೆ?"

"ಅದರಡಿ ಕುಂತು ನೀರು ನೋಡ್ದೋರು ಮನೆ ದಾರಿ ಮರೆತೋಗ್ತಿದ್ರು. ಮಕ್ಕಳು ಕರೆದ್ರೂ ತಿರುಗ್ತಿರ್ಲಿಲ್ಲ."

ಜಯಂತಿಗೆ ಸುಮ್ಮನಿರಲಾಗಲಿಲ್ಲ. ಭಾನುವಾರ ಮಾದೇಶನ ಟ್ಯಾಂಕರ್ ಹತ್ತಿ ಹೋದಳು. ಬಾವಿಯ ಸುತ್ತ ರಾಗಿ ಕೊಯ್ದ ಬೋಳು ಹೊಲ. ಮರವಿರಲಿ, ಮೋಟೂ ಇರಲಿಲ್ಲ. ಮಾದೇಶ್ ಪೈಪು ಬಿಚ್ಚುತ್ತಿದ್ದ. ಅವಳು ಕಟ್ಟೆಗೆ ಒರಗಿ ಬಗ್ಗಿದಳು. ನಿಂತ ನೀರಿನಲ್ಲಿ ಆಕಾಶ, ಅವಳ ಮುಖ, ಮುಖದ ಹಿಂದೆ ಬಾಗಿದ ಮರ. ತಟ್ಟನೆ ತಿರುಗಿದಳು. ಬಿಸಿಲು ಬಿಟ್ಟರೆ ಏನೂ ಇಲ್ಲ. ಮತ್ತೆ ಬಗ್ಗಿ ಫೋಟೊ ತೆಗೆದಳು. ಎಲೆಗಳು ಎಷ್ಟು ಚೆನ್ನಾಗಿ ಅಲುಗುತ್ತಿದ್ದವೆಂದರೆ ಇನ್ನೊಂದು ತೆಗೆದಳು, ಮತ್ತೊಂದು.

ಯಾರೋ ತೋಳು ಹಿಡಿದು ಹಿಂದಕ್ಕೆಳೆದರು. ಮಾದೇಶ್.

"ಎಷ್ಟ್ ಕೂಗ್ಲಕ್ಕ ನಿಮ್ಮನ್ನ! ಟ್ಯಾಂಕರ್ ತುಂಬಿ ಚೆಲ್ಲೋಗ್ತಾ ಐತೆ."

ಅವಳಿಗೆ ಒಂದು ಕೂಗೂ ಕೇಳಿಸಿರಲಿಲ್ಲ. ದಾರಿಯಲ್ಲಿ ಫೋನು ತೆರೆದಳು. ಎಲ್ಲ ಫೋಟೊಗಳಲ್ಲೂ ಮರ ಸ್ಪಷ್ಟವಾಗಿತ್ತು. ಬಗ್ಗಿದ್ದ ಅವಳ ಮುಖ ಮಾತ್ರ ಒಂದರಲ್ಲೂ ಇರಲಿಲ್ಲ.

ಆ ಫೋಟೊಗಳನ್ನು ಮನೆ ಸೇರುವ ಮೊದಲೇ ಅಳಿಸಿದಳು. ಮಳೆ ಬಂದು ಬೋರ್‌ವೆಲ್‌ನಲ್ಲಿ ನೀರು ಕಂಡ ಮೇಲೆ ಟ್ಯಾಂಕರ್ ನಿಂತಿತು. ಗಡ್ಡೆಗಳಲ್ಲಿ ಮತ್ತೆ ಬೇರೆ ಬೇರೆ ಗೆರೆಗಳು ಮೂಡಿದವು. ಜಯಂತಿ ಈಗಲೂ ಫೋಟೊ ತೆಗೆಯುತ್ತಾಳೆ. ಆದರೆ ಬಕೆಟ್ಟಾಗಲಿ, ಕೆರೆಯಾಗಲಿ, ನೀರಿನ ಮೇಲೆ ಬಗ್ಗಿದರೆ ಮೊದಲು ತಲೆ ಅಲ್ಲಾಡಿಸುತ್ತಾಳೆ. ನೀರೊಳಗಿನ ಮುಖವೂ ಅಲ್ಲಾಡಿತೆಂದು ಖಾತ್ರಿಯಾದ ಮೇಲೇ ಫೋನು ಎತ್ತುವುದು.