ಗುರಪ್ಪನಿಗೆ ಕಟ್ಟದ ಪಟಗ

ಜಿನ್ನಪ್ಪ ತೀರಿಕೊಂಡು ಹನ್ನೆರಡು ದಿನವೂ ಆಗಿರಲಿಲ್ಲ, ಶಾಲೆಯ ಅಂಗಳದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅವನ ಫೋಟೋಕ್ಕೆ ಒಂದು ಹಾರ ಹಾಕಿ ಮುಗಿಸಿದವರು, ಬಂದ ಅತಿಥಿಗಳ ತಲೆಗೆ ಪಟಗ, ಅಂದರೆ ರುಮಾಲು, ಇಟ್ಟು ಸತ್ಕಾರ ಮಾಡಲು ಮುಕ್ಕಾಲು ತಾಸು ತೆಗೆದುಕೊಂಡರು. ಸತ್ತವನ ಹೆಸರಿನ ಸಭೆಯಲ್ಲಿ ಬದುಕಿದವರಿಗೆ ಸತ್ಕಾರ! ಅದೂ ಕಟ್ಟಿದ ಪಟಗವಲ್ಲ, ಟೊಪ್ಪಿಗೆಯಂತೆ ಹೊಲಿದು ಮಾರುವ ಪಟಗ. ಬುಟ್ಟಿಯಿಂದ ತೆಗೆಯುವುದು, ತಲೆಯ ಮೇಲೆ ಕವುಚುವುದು, ಫೋಟೋ ಹೊಡೆಸಿಕೊಳ್ಳುವುದು. ಜಿನ್ನಪ್ಪ ಇದ್ದಿದ್ದರೆ ಹೊರಗೆ ಹೋಗಿ ಉಗುಳಿ ಬರುತ್ತಿದ್ದ. ಕಡೆಯ ನಾಲ್ಕು ವರ್ಷ ಇಂಥ ಪಟಗ ಇಡುವ ಯಾವ ಮದುವೆಗೆ ಹೋದರೂ ಅವನು ಮಾಡಿದ್ದು ಅದನ್ನೇ.

ಕಾಗವಾಡದಿಂದ ಮಂಗಸೂಳಿಗೆ ಹೋಗುವ ಹಾದಿಯ ಮಗ್ಗುಲಿನ ಹಳ್ಳಿ ಅವನದು. ಎಂಟು ಎಕರೆ ಹೊಲವಿತ್ತು. ಆದರೆ ಸುತ್ತಿನ ಹತ್ತೂರಿಗೆ ಅವನು ಪಟಗ ಕಟ್ಟುವ ಜಿನ್ನಪ್ಪ. ಮದುವೆಯಲ್ಲಿ ಮರ್ಯಾದೆ ಸಲ್ಲಬೇಕಾದ ಮಾನದವರಿಗೆ ಅಕ್ಷತೆಗೆ ಮೊದಲು ಪಟಗ ಕಟ್ಟುವುದು ಈ ಸೀಮೆಯ ರೂಢಿ. ಅರಿವೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೊದಲು ಎದುರಿನವನ ಮುಖವನ್ನು ಅರೆಗಳಿಗೆ ನೋಡುತ್ತಿದ್ದ. ಆಮೇಲೆ ಕೈ ಆಡುತ್ತಿತ್ತು. ಎಡಗಿವಿಯ ಮೇಲೆ ಎಷ್ಟು ಇಳಿಯಬೇಕು, ಹಣೆ ಎಷ್ಟು ಕಾಣಬೇಕು ಎಂಬುದು ಆ ಮುಖದಿಂದಲೇ ಗೊತ್ತಾಗುತ್ತದೆ ಎನ್ನುತ್ತಿದ್ದ.

"ಮಾರಿ ನೋಡಲಾರ್ದ ಸುತ್ತಿದ್ರ ಅದು ಪಟಗಲ್ಲೋ, ಕೊಡಾ ಹೊರೂ ಸಿಂಬಿ."

ಮನೆಯ ಹೊಲವನ್ನು ಕೋರಿಗೆ, ಎಂದರೆ ಬೆಳೆಯ ಪಾಲಿಗೆ, ಮಾಡುವವನಿಗೂ ಆ ಮಾನದಲ್ಲಿ ಪಾಲಿತ್ತು. ಜಿನ್ನಪ್ಪನ ಹೊಲವನ್ನು ಮೂರು ತಲೆಮಾರಿನಿಂದ ಗುರಪ್ಪನ ಮನೆಯವರು ಮಾಡುತ್ತಿದ್ದರು. ಆದರೆ ಅವರ ಕೇರಿ ಬೇರೆ, ಮುಟ್ಟುವಂತಿರಲಿಲ್ಲ. ಗುರಪ್ಪನ ತಂದೆ ಚಪ್ಪರದ ಹೊರಗೆ ನಿಲ್ಲಬೇಕು, ಒಳಗಿನಿಂದ ಪಟಗದ ಗಂಟನ್ನು ಒಗೆಯಬೇಕು, ಕೈಗೆ ಕೊಡದೆ ದೂರದಿಂದ ಎಸೆಯಬೇಕು. ಅವನು ಉಡಿಯೊಡ್ಡಿ ಹಿಡಿದು, ತಾನೇ ಸುತ್ತಿಕೊಂಡು, ಕೈ ಮುಗಿದು ಹೋಗಬೇಕು. ಹಳೆಯ ಕಾಲ ಚೊಲೊ ಇತ್ತು ಎಂದು ಯಾರಾದರೂ ಬಾಯಿ ಚಪ್ಪರಿಸಿದರೆ ಜಿನ್ನಪ್ಪನ ಮೈ ಉರಿಯುತ್ತಿತ್ತು. "ಯಾವುದು ಚೊಲೊ ಇತ್ತು? ಒಗ್ಯೂದೇನು?" ಎಂದು ಕೇಳುತ್ತಿದ್ದ.

ಉರಿಯಲು ಕಾರಣವಿತ್ತು. ಎಂಬತ್ಮೂರರಲ್ಲಿ ಅವನ ತಮ್ಮನ ಮದುವೆಯಾದಾಗ ಚಪ್ಪರದ ಹೊರಗೆ ನಿಂತವನು ಗುರಪ್ಪ, ಒಳಗಿನಿಂದ ಒಗೆದವನು ಜಿನ್ನಪ್ಪ. ಇಬ್ಬರೂ ಒಂದೇ ವಾರಿಗೆಯವರು, ದೊಡ್ಡವರ ಕಣ್ಣು ತಪ್ಪಿಸಿ ಹೊಲದ ಒಂದೇ ಬಾವಿಯಲ್ಲಿ ಈಜು ಕಲಿತವರು. ಜಿನ್ನಪ್ಪ ಅಪ್ಪನ ಕಣ್ಣಿಗೆ ಅಂಜಿ ಒಗೆದುಬಿಟ್ಟಿದ್ದ. ಮರುದಿನ ಹೊಲದ ಬದುವಿನ ಮೇಲೆ ಕೂತು, ತಲೆ ತಗ್ಗಿಸಿಕೊಂಡೇ ತನ್ನ ಪುಟ್ಟ ಮಗಳ ಹೆಸರು ಹಿಡಿದು ಹೇಳಿದ:

"ನಮ್ಮ ಸುಗಂಧಾನ ಲಗ್ನದಾಗ ಮೊದಲ್ನೇ ಪಟಗ ನಿಂದು. ನನ್ನ ಕೈಲೆ ಕಟ್ಟತೀನಿ, ಎಲ್ಲಾರ ಮುಂದ."

ಗುರಪ್ಪ ನಕ್ಕ. "ಆ ಕೂಸಿಗೆ ಇನ್ನೂ ಮೂಗ ಒರಸ್ಕೊಳ್ಳಾಕ ಬರಂಗಿಲ್ಲ, ಲಗ್ನಾ ಹೂಡೀರೇನ್ರಿ ಅಣ್ಣಾ?"

ಆದರೆ ಆ ಮಾತನ್ನು ಅವನೂ ಮರೆಯಲಿಲ್ಲ, ಇವನೂ ಮರೆಯಲಿಲ್ಲ.

ಹನ್ನೆರಡು ವರ್ಷದ ಮೇಲೆ, ತೊಂಬತ್ತೈದರ ಬೇಸಿಗೆಯಲ್ಲಿ, ಸುಗಂಧಾಳ ಮದುವೆ ನಿಶ್ಚಯವಾಯಿತು. ವರ ರಾಯಬಾಗದ ಕಡೆಯವನು. ಜಿನ್ನಪ್ಪ ಅಥಣಿ ಪೇಟೆಗೆ ಹೋಗಿ ಇಪ್ಪತ್ಮೂರು ಪಟಗ ತಂದ. ಇಪ್ಪತ್ತೆರಡು ಒಂದೇ ಥರದವು. ಒಂದು ಮಾತ್ರ ಬೇರೆ, ಕುಸುಬೆಯ ಹೂವಿನ ಬಣ್ಣದ ಮೆತ್ತನೆಯ ಹತ್ತಿ ಅರಿವೆ. ಅದನ್ನು ಬುಟ್ಟಿಯ ತಳಕ್ಕೆ ಇಟ್ಟ.

ಮದುವೆಯ ಕಾರಭಾರವನ್ನೆಲ್ಲ ಅಣ್ಣನ ಮಗ ಮಹಾವೀರ ಹಿಡಿದಿದ್ದ. ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಅವನಿಗೆ. ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರಿಗಿಂತ ಪುಢಾರಿಗಳ ಹೆಸರು ದಪ್ಪಗಿದ್ದವು. ಮೈಕು ಬೆಳಗಿನಿಂದ ಅವನ ಕೈ ಬಿಟ್ಟಿರಲಿಲ್ಲ.

ಗುರಪ್ಪ ಹನ್ನೊಂದಕ್ಕೇ ಬಂದ. ಈಗ ಅವನನ್ನು ಚಪ್ಪರದ ಹೊರಗೆ ನಿಲ್ಲಿಸುವವರಿರಲಿಲ್ಲ. ಆ ಮಟ್ಟಿಗೆ ಕಾಲ ಬದಲಾಗಿತ್ತು. ಮುಂದಿನ ಸಾಲಿನಲ್ಲೇ ಕೂತ. ಪಟಗ ಕಟ್ಟಿಸಿಕೊಳ್ಳುವವನು ಬರಿದಲೆಯಲ್ಲಿ ಬರಬೇಕು. ತಲೆಯ ಟಾವೆಲನ್ನು ಎಂದೂ ಬಿಚ್ಚದ ಮನುಷ್ಯ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಂದಿದ್ದ. ನೆತ್ತಿ ಬಿಸಿಲು ಕಾಣದೆ ಬೆಳ್ಳಗಿತ್ತು.

ಮುಹೂರ್ತ ಹನ್ನೆರಡೂವರೆಗೆ. ಒಂದು ಗಂಟೆಯಾದರೂ ಪುಢಾರಿಗಳಲ್ಲಿ ದೊಡ್ಡವರಾದ ಸಾಹೇಬರ ಗಾಡಿ ಬರಲಿಲ್ಲ. ಲಗ್ನ ಮಾಡಿಸುವ ಉಪಾಧ್ಯೆ ಚಡಪಡಿಸಿದರು.

"ಅಕ್ಷತಾ ಹೊತ್ತ ಮೀರೈತಿ ಮಹಾವೀರ."

"ಸಾಹೇಬ್ರು ಬರೂತನಾ ಮೂರ್ತ ಎಲ್ಲಿಗೂ ಓಡಿ ಹೋಗಂಗಿಲ್ಲ, ಕುಂಡರ್ರಿ."

ಗಾಡಿ ಬಂತು. ಪಟಾಕಿ ಹಾರಿದವು. ಜಿನ್ನಪ್ಪ ಬುಟ್ಟಿಯ ತಳಕ್ಕೆ ಕೈ ಹಾಕಿದ. ಮಹಾವೀರ ಆ ಕೈಯನ್ನು ಹಿಡಿದ.

"ಕಾಕಾ, ಮೊದಲ ಸಾಹೇಬ್ರಿಗೆ. ಗುರಪ್ಪ ಮನಿ ಮನಷ್ಯಾ, ಆಮ್ಯಾಲ ಕಟ್ಟಿದ್ರ ನಡೀತೈತಿ."

ಮನಿ ಮನಷ್ಯಾ! ಎಷ್ಟು ಮೆತ್ತನೆಯ ಮಾತು. ಜಿನ್ನಪ್ಪ ಅದಕ್ಕೆ ಬಗ್ಗಿದ. ಸಾಹೇಬರಾದ ಮೇಲೆ ಚೇರಮನ್ನರು, ಅವರಾದ ಮೇಲೆ ಮೆಂಬರು, ಮೆಂಬರರ ಭಾವಮೈದುನ, ಕಬ್ಬಿನ ಗ್ಯಾಂಗಿನ ಗುತ್ತಿಗೆದಾರ. ಮಹಾವೀರ ಮೈಕಿನಲ್ಲಿ ಹೆಸರು ಕೂಗುತ್ತ, ಇನ್ನೊಂದು ಕೈಯಿಂದ ಪಟಗ ಎತ್ತಿ ಕೊಡುತ್ತಿದ್ದ. ಒಂದು ತಲೆ ಏಳುತ್ತಿತ್ತು, ಇನ್ನೊಂದು ತಲೆ ಕೂರುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಜಿನ್ನಪ್ಪ ಮುಖ ನೋಡುವುದನ್ನು ಯಾವಾಗ ಬಿಟ್ಟನೋ ಅವನಿಗೇ ತಿಳಿಯಲಿಲ್ಲ. ಕೈ ತಾನೇ ಆಡುತ್ತಿತ್ತು.

ಒಂದು ತಲೆಗೆ ತುರಾಯಿ ಸಿಕ್ಕಿಸುವಾಗ ಬೆರಳಿಗೆ ಮೆತ್ತನೆಯ ಹತ್ತಿ ತಗುಲಿತು. ಬಗ್ಗಿ ನೋಡಿದ. ಕುಸುಬೆ ಬಣ್ಣ. ಅದರ ಕೆಳಗೆ ಗುಟಕಾ ಅಗಿಯುವ, ಕಂಡರಿಯದ ಒಂದು ಮುಖ. ಸಾಹೇಬರ ಡ್ರೈವರು. ಬುಟ್ಟಿ ಬರಿದಾಗಿತ್ತು.

ಮುಂದಿನ ಸಾಲಿನಿಂದ ಗುರಪ್ಪ ನೋಡುತ್ತಿದ್ದ.

ಅವಸರದಲ್ಲಿ ಅಕ್ಷತೆ ಬಿತ್ತು. ಪುಢಾರಿಗಳು ಊಟಕ್ಕೂ ನಿಲ್ಲದೆ ಎದ್ದರು, ಇನ್ನೂ ಮೂರು ಮದುವೆ ಇದ್ದವಂತೆ. ಡ್ರೈವರನನ್ನು ಹೇಗಾದರೂ ಬೇಡಿಕೊಳ್ಳೋಣ ಎಂದು ಜಿನ್ನಪ್ಪ ಹಿಂದೆಯೇ ಓಡಿದ. ಡ್ರೈವರ್ ಪಟಗ ಬಿಚ್ಚಿ, ಉಂಡೆ ಮಾಡಿ, ಗಾಡಿಯ ಮುಂದಿನ ಗಾಜಿನ ಧೂಳು ಒರೆಸುತ್ತಿದ್ದ.

"ಚೊಲೊ ಅರಿವಿ ಐತ್ರಿ ಕಾಕಾ, ಗೀರ ಬೀಳಂಗಿಲ್ಲ," ಎಂದ.

ಜಿನ್ನಪ್ಪನಿಗೆ ಹೇಸಿಕೆ ಹುಟ್ಟಿದ್ದು ಡ್ರೈವರನ ಮೇಲಲ್ಲ, ತನ್ನ ಎರಡು ಕೈಗಳ ಮೇಲೆ. ತಿರುಗಿ ಚಪ್ಪರಕ್ಕೆ ಬಂದರೆ ಗುರಪ್ಪ ಹೆಗಲ ಟಾವೆಲನ್ನು ತಲೆಗೆ ಸುತ್ತಿಕೊಂಡು ಪಂಕ್ತಿಗೆ ನೀರು ಹಾಕುತ್ತಿದ್ದ.

ವಾರದೊಳಗೆ ಜಿನ್ನಪ್ಪ ಅಂಥದೇ ಇನ್ನೊಂದು ಪಟಗ ಹುಡುಕಿ ತಂದು ಗುರಪ್ಪನ ಮನೆಗೆ ಹೋದ. ಗುರಪ್ಪನ ಹೆಂಡತಿ ಸಕ್ಕುಬಾಯಿ ಚಹಾ ಕೊಟ್ಟಳು. ಗುರಪ್ಪ ಅರಿವೆಯನ್ನು ಮುಟ್ಟಲಿಲ್ಲ.

"ನಮ್ಮಪ್ಪಗ ದೂರಿಂದ ಒಗೀತಿದ್ರು ಖರೆ, ಆದ್ರ ಮಂದಿ ಮುಂದ ಒಗೀತಿದ್ರು. ನೀವು ಕೈಲೆ ಕೊಡಾಕ ಬಂದೀರಿ, ಯಾರೂ ಇಲ್ಲದಾಗ. ಒಯ್ರಿ ಅಣ್ಣಾ. ಸಿಟ್ಟಿಲ್ಲ."

ಸಿಟ್ಟಿದ್ದರೆ ಜಿನ್ನಪ್ಪ ಬದುಕುತ್ತಿದ್ದ. ಅಂದಿನಿಂದ ಅವನು ಯಾರಿಗೂ ಪಟಗ ಕಟ್ಟಲಿಲ್ಲ. ಕರೆಯಲು ಬಂದವರ ಮುಂದೆ ಕೈ ತೋರಿಸಿ, "ಇವು ಹೊಲಸ ಆಗ್ಯಾವು," ಎನ್ನುತ್ತಿದ್ದ. ಸೊಕ್ಕು ಬಂದಿದೆ ಎಂದು ಊರು ಆಡಿಕೊಂಡಿತು.

ಎರಡು ವರ್ಷಕ್ಕೆ ಗುರಪ್ಪನ ಮಗಳು ಸುಂದರಾಳ ಮದುವೆ ಬಂತು. ಮಂದಿ ಮುಂದೆ ಕಟ್ಟಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂದುಕೊಂಡು ಜಿನ್ನಪ್ಪ ಅದೇ ಪಟಗವನ್ನು ಬಗಲಲ್ಲಿಟ್ಟುಕೊಂಡು ಹೋದ. ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ, ವಂದನೆ ಹೇಳಿ, ಹಾರ ಬದಲಾಯಿಸಿದರು. ಅರ್ಧ ತಾಸಿನಲ್ಲಿ ಮದುವೆ ಮುಗಿಯಿತು. ಅವನು ಪಟಗ ಬಿಚ್ಚುವುದರೊಳಗೆ ಗುರಪ್ಪನ ಮಗ ತುಕಾರಾಮ ಬಂದು ಕೈ ಮುಗಿದ. ಚಿಕ್ಕೋಡಿಯಲ್ಲಿ ಕಾರಕೂನನಾಗಿದ್ದ ಹುಡುಗ.

"ತಪ್ಪ ತಿಳೀಬ್ಯಾಡ್ರಿ ಕಾಕಾ. ನಮ್ಮ ಕೇರ್‍ಯಾಗ ಪಟಗ, ಮಾನಪಾನ ಎಲ್ಲಾ ಬಂದ್ ಮಾಡೇವ್ರಿ. ಯಾರಿಗೂ ಇಲ್ಲ. ಉಂಡು ಹೋಗ್ರಿ."

ಜಿನ್ನಪ್ಪ ಚಾಪೆಯ ಮೇಲೆ ಕೂತ. ಐವತ್ತು ವರ್ಷದಲ್ಲಿ ಆ ಕೇರಿಯಲ್ಲಿ ಅವನು ಎಲೆ ಹಾಕಿಸಿಕೊಂಡಿದ್ದು ಅದೇ ಮೊದಲು. ಪಲ್ಯದಲ್ಲಿ ಉಳ್ಳಾಗಡ್ಡಿ ಇತ್ತು, ಜೈನನಾದ ಅವನು ಹುಗ್ಗಿಯೊಂದೇ ಸಾಕೆಂದ. ಗುರಪ್ಪನೇ ಸೌಟು ಹಿಡಿದು ಬಂದ.

"ಕೈಲೆ ಬಡಸ್ಲ್ಯೋ ಅಣ್ಣಾ, ದೂರಿಂದ ಒಗೀಲ್ಯೋ?"

ಪಂಕ್ತಿ ಗೊಳ್ಳೆಂದು ನಕ್ಕಿತು. ಜಿನ್ನಪ್ಪನೂ ನಕ್ಕ.

ಮನೆಗೆ ಬಂದು ಪಟಗವನ್ನು ಹೆಂಡತಿ ತಾರಾಬಾಯಿಯ ಮುಂದೆ ಇಟ್ಟ.

"ಇದನ್ನ ಹರದು ನೀರ ಸೋಸೂ ಅರಿವಿ ಮಾಡು."

"ಹೊಸಾ ಪಟಗ ಯಾರರ ಹರೀತಾರೇನ್ರಿ? ಮ್ಯಾಲ ಬಣ್ಣಾ ಬಿಡತೈತಿ."

"ಬಿಡ್ಲಿ," ಎಂದ ಜಿನ್ನಪ್ಪ. "ಪೂರಾ ಬಿಟ್ಟ ಮ್ಯಾಲ ಕುಡಿಯೂನು."