ಕೆಮ್ಮಣ್ಣು ಹೇಳಿದ ಲೆಕ್ಕ

"ಆ ಸಣ್ಣ ಉಬ್ಬುಗಳನ್ನ ಉಜ್ಜಿಬಿಡಮ್ಮ, ಯಾರು ನೋಡ್ತಾರೆ?" ಎಂದರು ನನ್ನ ಗೈಡ್. ನಾನು ಉಜ್ಜಿದೆ. ಇವತ್ತಿಗೂ ನನಗೆ ಸಿಟ್ಟು ಅವರ ಮೇಲಲ್ಲ, ಉಜ್ಜಿದ ನನ್ನ ಮೇಲೆ.

ಬಂಡೆಯ ಬಿರುಕಿನ ಎರಡು ಒರಟು ಮುಖಗಳು ಒತ್ತಿಕೊಂಡಾಗ ಎಲ್ಲೆಲ್ಲಿ ತಾಗುತ್ತವೆಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ನನ್ನ ಪಿಎಚ್‌ಡಿ ಕೆಲಸ. ಅದು ಗೊತ್ತಾದರೆ ಬಂಡೆ ಜಾರುತ್ತದೋ ನಿಲ್ಲುತ್ತದೋ ಹೇಳಬಹುದು. ಲೆಕ್ಕದಲ್ಲಿ ಒಂದು ಕಲ್ಲು ಇನ್ನೊಂದರೊಳಗೆ ತೂರಿದರೆ ಹೊರಕ್ಕೆ ತಳ್ಳಲು ಒಂದು ಕಾಲ್ಪನಿಕ ಸ್ಪ್ರಿಂಗ್ ಇಡುತ್ತೇವೆ. ಅದು ಮೆದುವಾದರೆ ಮುದ್ದೆಯೊಳಗೆ ಬೆರಳಿಟ್ಟಂತೆ ಕಲ್ಲೊಳಗೆ ಕಲ್ಲು ಇಳಿಯುತ್ತದೆ. ಗಟ್ಟಿಯಾದರೆ ಲೆಕ್ಕ ಉತ್ತರಕ್ಕೇ ಬಾರದೆ ಒದ್ದಾಡುತ್ತದೆ. ನಾನು ಸ್ಪ್ರಿಂಗ್ ಮೆದು ಮಾಡಿ, ಲೆಕ್ಕದಲ್ಲಿನ ಕಲ್ಲಿನ ಉಬ್ಬುಗಳನ್ನೂ ಉಜ್ಜಿ ನುಣುಪು ಮಾಡಿದೆ. ಅರ್ಧ ಮುಖವೇ ತಾಗಿದಂತೆ ಚೆಂದದ ಚಿತ್ರ ಬಂತು. ಥೀಸಿಸ್ ಕೊಡಲು ಒಂದು ತಿಂಗಳಿತ್ತು.

ಆ ಭಾನುವಾರ ರಾಜಘಟ್ಟದ ಹತ್ತಿರದ ನಮ್ಮ ಮನೆಯಲ್ಲಿ ಅತ್ತೆ, ಹೊಸದಾಗಿ ಕುಟ್ಟಿಸಿದ ಬೀಸೋ ಕಲ್ಲನ್ನು ಪರೀಕ್ಷೆ ಮಾಡುತ್ತಿದ್ದರು. ಕೆಳಗಿನ ಕಲ್ಲಿಗೆ ಕೆಮ್ಮಣ್ಣು ಕಲಸಿ ತೆಳ್ಳಗೆ ಬಳಿದು, ಮೇಲಿನದನ್ನಿಟ್ಟು ಒತ್ತಿ, ಎತ್ತಿ ಮಗುಚಿದರು. ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ಅಷ್ಟೇ.

"ಇಷ್ಟೇನಾ ತಾಗೋದು, ಅತ್ತೆ?"

"ಮತ್ತೆ? ಎಲ್ಲಾ ಕಡೆ ತಾಗಕ್ಕೆ ಅದೇನು ರೊಟ್ಟಿ ಹಿಟ್ಟಾ? ಹಂಗಂದೋರು ಕಲ್ಲನ್ನ ಕೈಯಲ್ಲೂ ಮುಟ್ಟಿಲ್ಲ ಕಣಮ್ಮ."

ಐದು ವರ್ಷ ಕಲ್ಲಿನ ಬಗ್ಗೆ ಓದಿದ್ದ ನಾನೇ ಹಾಗಂದವಳು.

ಮರುದಿನ ಒಂದು ಡಬ್ಬಿ ಕೆಮ್ಮಣ್ಣು ತುಂಬಿಕೊಂಡು ದೊಡ್ಡಬಳ್ಳಾಪುರದಲ್ಲಿ ಬಸ್ ಹತ್ತಿದೆ. ಲ್ಯಾಬಿನಲ್ಲಿ ಗೈಡ್ ಎದುರೇ, ಬಿರುಕುಬಿಟ್ಟ ಕಲ್ಲಿನ ಒಂದು ಹೋಳಿಗೆ ಬಳಿದು, ಇನ್ನೊಂದನ್ನು ಸರಿಯಾಗಿ ಕೂರಿಸಿ, ಕಂಪ್ಯೂಟರಿನ ಲೆಕ್ಕದಲ್ಲಿ ಹಾಕಿದ್ದ ಭಾರವನ್ನೇ ಯಂತ್ರದಲ್ಲಿ ಹಾಕಿದೆ. ಬಿಡಿಸಿದಾಗ ಹನ್ನೊಂದು ಚುಕ್ಕೆ. ಅರ್ಧ ಮುಖವೂ ಇಲ್ಲ, ಕಾಲು ಮುಖವೂ ಇಲ್ಲ.

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ಮಣ್ಣು ಬಳಿದಿದ್ದನ್ನ ಪ್ರೂಫ್ ಅಂತ ಯಾರೂ ಒಪ್ಪಲ್ಲ. ಬರೆದಿರೋ ಥೀಸಿಸ್ಸನ್ನ ಹಾಗೇ ಕೊಟ್ಬಿಡು, ಡಿಗ್ರಿ ತಗೊಂಡು ಹೋಗು."

"ಮಣ್ಣನ್ನ ಒಪ್ಪೋದು ಬೇಡ ಸರ್. ಆದ್ರೆ ಕಲ್ಲೊಳಗೆ ಕಲ್ಲು ತೂರಿಸಿರೋ ಚಿತ್ರದ ಮೇಲೆ ನನ್ನ ಹೆಸರು ಹಾಕಲ್ಲ."

"ಗಡುವು ತಪ್ಪುತ್ತೆ!"

"ತಪ್ಪಲಿ."

ಗಡುವು ತಪ್ಪಿಯೇ ತಪ್ಪಿತು. ಇನ್ನೊಂದು ವರ್ಷ ಕೂತೆ. ಉಜ್ಜಿದ ಉಬ್ಬುಗಳನ್ನೆಲ್ಲ ವಾಪಸ್ ತಂದೆ. ಸ್ಪ್ರಿಂಗನ್ನು ಒಂದೇ ಸಲ ಗಟ್ಟಿ ಮಾಡದೆ, ಭಾರವನ್ನೂ ಚೂರುಚೂರೇ ಏರಿಸುತ್ತ ಹೋದೆ. ಲೆಕ್ಕ ನೂರು ಸಲ ಕೈಕೊಟ್ಟಿತು. "ಇನ್ನೂ ಓದು ಮುಗೀಲಿಲ್ವಾ?" ಎಂದು ಕೇಳಿದ ನೆಂಟರಿಗೆಲ್ಲ "ಇಲ್ಲ" ಎಂದೆ, ತಲೆ ತಗ್ಗಿಸದೆ.

ಹೋದ ವಾರ ಉತ್ತರ ಬಂತು. ಕಲ್ಲಿನ ಮೇಲೆ ಹನ್ನೊಂದು ಚುಕ್ಕೆ, ನನ್ನ ಚಿತ್ರದಲ್ಲಿ ಒಂಬತ್ತು. ಎರಡು ಕಡಿಮೆ ಎಂದು ಥೀಸಿಸ್ಸಿನ ಮೊದಲ ಪುಟದಲ್ಲೇ ಬರೆದೆ. ಗೈಡ್ ಅದನ್ನು ತೆಗೆ ಎಂದರು, ತೆಗೆಯಲಿಲ್ಲ. ಕೊನೆಗೆ ಹಾಗೆಯೇ ಸಹಿ ಹಾಕಿದರು.

ಮನೆಗೆ ಬಂದು ಅತ್ತೆಗೆ ಚಿತ್ರ ತೋರಿಸಿ, ಕಲ್ಲಿನ ಮೇಲೆ ಹನ್ನೊಂದು ಚುಕ್ಕೆ ಬಿದ್ದಿದ್ದವು ಎಂದೆ. ಬೆರಳಿಟ್ಟು ಎಣಿಸಿದರು.

"ಇನ್ನೆರಡು ಎಲ್ಲೇ?"

"ಸಿಕ್ಕಿಲ್ಲ ಅತ್ತೆ."

"ಹೋಗ್ಲಿ ಬಿಡು, ಸಿಕ್ತು ಅಂತ ಸುಳ್ಳು ಹೇಳ್ಲಿಲ್ವಲ್ಲ," ಎಂದು ಚಿತ್ರವನ್ನು ತಾವೇ ಗೋಡೆಗೆ ಅಂಟಿಸಿದರು.