ನೀರಿನಡಿಯ ನೆಲ ಓದುತ್ತಿದ್ದ ಸಂಜೀವಣ್ಣ

ದಿನವಿಡೀ ದೋಣಿಯಲ್ಲಿದ್ದರೂ ಸಂಜೀವಣ್ಣ ಸಮುದ್ರದತ್ತ ಕಣ್ಣೆತ್ತಿ ನೋಡುತ್ತಿದ್ದುದು ಅಪರೂಪ. ಅವರ ನೋಟವೆಲ್ಲ ಆಳ ಅಳೆಯುವ ಯಂತ್ರದ ಪರದೆಯ ಮೇಲೆ. ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಹಡಗುದಾರಿಯ ಹೂಳೆತ್ತುವ ಕಂಪನಿಯೊಂದರಲ್ಲಿ ಅವರು ಸರ್ವೆಯವರು. ಅವರು ತಂದ ಆಳಗಳನ್ನು ನಕ್ಷೆಗಿಳಿಸುವವಳು ನಾನು. ಗದಗಿನವಳಾದ ನನಗೆ ಸಮುದ್ರವೆಂದರೆ ಬರೀ ನೀರು. ಕುಂದಾಪುರದ ಅವರಿಗೆ ಅದರ ಕೆಳಗೆ ಗುಡ್ಡ, ಓಣಿ, ಬಯಲು ಎಲ್ಲವೂ ಇದ್ದವು.

"ಮೇಲಿಂದ ಕಂಡ್ರೆ ಎಂತ ಗೊತ್ತಾತ್ತ್ ಮಾರಾಯ್ತಿ? ಅಡಿ ಹ್ಯಾಂಗಿತ್ತ್ ಅಂದ್ ಕಾಣ್ಕ್," ಎನ್ನುವರು.

ನಮ್ಮ ಮ್ಯಾನೇಜರ್ ಸ್ಕಾಟ್ಲೆಂಡಿನವರು. ಬೇಸಿಗೆ ರಜೆಯಲ್ಲಿ ತಂದೆಯೊಂದಿಗೆ ಊರ ಸರೋವರಕ್ಕೆ ಟ್ರೌಟ್ ಮೀನು ಹಿಡಿಯಲು ಹೋಗುವುದು ಅವರ ರೂಢಿ. ಗರಿ, ದಾರ ಸುತ್ತಿ ನೊಣದಂತೆ ಕಟ್ಟಿದ ಗಾಳ ಅವರದು. ಮೂರು ವರ್ಷದಿಂದ ಒಂದೂ ಸಿಕ್ಕಿರಲಿಲ್ಲ. ಈ ಸಲ ತಂದೆಗೆ ಕಾಯಿಲೆ ಹೆಚ್ಚಿತ್ತು. ಒಂದು ಮಧ್ಯಾಹ್ನ ಅವರು ಸರೋವರದ ಆಳದ ನಕ್ಷೆ ತಂದು ಸಂಜೀವಣ್ಣನ ಮುಂದಿಟ್ಟರು.

ಟ್ರೌಟನ್ನು ಕಂಡೇ ಇರದ ಸಂಜೀವಣ್ಣ, ಅದು ಏನು ತಿನ್ನುತ್ತದೆ, ಎಂಥ ನೀರು ಬೇಕು ಎಂದು ಕೇಳಿ ತಿಳಿದರು. ಆಮೇಲೆ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ದಡದ ಬದಿ ಆಳವಿಲ್ಲದ ನೀರು, ಅಲ್ಲಿ ಜೊಂಡು. ಅದು ಮುಗಿದಲ್ಲಿ ನೆಲ ತಟ್ಟನೆ ಕುಸಿದು, ಮುಳುಗಿದ ಹಳೆಯ ತೊರೆಯ ಪಾತ್ರಕ್ಕೆ ಇಳಿಯುತ್ತಿತ್ತು.

"ಹುಳ ಮೇಲಿತ್ತ್, ತಂಪ್ ಕೆಳಗಿತ್ತ್. ಮೀನ್ ಎರಡಕ್ಕೂ ಹತ್ರ ಆಪ್ಕೆ ಈ ಅಂಚಲ್ಲೇ ತಿರ್ಗುತ್ತ್. ಗಾಳ ಇಲ್ಲೇ ಬೀಳ್ಕ್ ಅಂದ್ ಹೇಳ್," ಎಂದರು ನನಗೆ. ನಾನದನ್ನು ಇಂಗ್ಲಿಷಿನಲ್ಲಿ ಹೇಳಿದೆ.

ಆಗಸ್ಟಿನಲ್ಲಿ ಮ್ಯಾನೇಜರರಿಂದ ವಾಟ್ಸಾಪಿಗೆ ಫೋಟೋ ಬಂತು. ದೋಣಿಯಲ್ಲಿ ಕಂಬಳಿ ಹೊದ್ದು ಕುಳಿತ ಅವರ ತಂದೆಯ ಕೈಯಲ್ಲಿ ಚುಕ್ಕೆಚುಕ್ಕೆಯ ಮೀನು. ಆಮೇಲೆ ಅದನ್ನು ನೀರಿಗೇ ಬಿಟ್ಟರಂತೆ.

"ಬಿಟ್ರಾ! ಅಷ್ಟ್ ಕಷ್ಟಪಟ್ಟ್ ಹಿಡ್ದ್ ಬಿಟ್ರಾ!" ಎಂದು ಸಂಜೀವಣ್ಣ ವಾರವಿಡೀ ಕೊರಗಿದರು.

ತೈಲದ ಬೆಲೆ ಬಿದ್ದು ಕೆಲಸ ತಗ್ಗಿದಾಗ, ಕಂಪನಿ ಬಿಡಬೇಕಾದವರ ಪಟ್ಟಿಯಲ್ಲಿ ಅವರ ಹೆಸರೂ ಬಂತು. ಪತ್ರ ಕೊಡಬೇಕಾದವರು ಅದೇ ಮ್ಯಾನೇಜರ್. ಕೊಟ್ಟು ಅಲ್ಲೇ ನಿಂತರು. ಸಂಜೀವಣ್ಣ ಓದಿ, ಮಡಚಿ ಜೇಬಿಗಿಟ್ಟು, ಅವರ ತಂದೆ ಹೇಗಿದ್ದಾರೆಂದು ಕೇಳಿದರು. ಚಳಿಗಾಲದಲ್ಲಿ ತೀರಿಕೊಂಡರು ಎಂಬ ಉತ್ತರ ಬಂತು. ಸಂಜೀವಣ್ಣ ಎದ್ದು, ತಮ್ಮ ಎರಡೂ ಕೈಗಳಲ್ಲಿ ಅವರ ಕೈ ಹಿಡಿದುಕೊಂಡರು.

ಆಮೇಲೆ ಮತ್ತೆ ಕುಳಿತು, ಕಂಪನಿ ಬಸ್ಸಿನ ಹೊತ್ತಾಗುವವರೆಗೂ ಅಂದಿನ ಆಳಗಳನ್ನು ಒಂದೊಂದಾಗಿ ತಾಳೆ ನೋಡಿದರು. ನನಗೆ ತಡೆಯಲಾಗಲಿಲ್ಲ.

"ಇನ್ಯಾಕ ಇದೆಲ್ಲಾ, ಸಂಜೀವಣ್ಣ? ಏಳ್ರಿ," ಎಂದೆ.

"ಪತ್ರ ಬಂದದ್ದ್ ನಂಗೆ. ಹಡಗಿಗೆ ಅದೆಲ್ಲ ಎಂತ ಗೊತ್ತಿತ್ತ್? ಅದ್ ನಾಳೆ ಬತ್ತ್ ಅಲ್ದಾ?"

ಆಳಗಳ ಹಾಳೆಗೆ ಸಹಿ ಹಾಕಿ ನನ್ನ ಕೈಗಿತ್ತು ಅವರು ಬಸ್ ಹತ್ತಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.